ಒಂದು ದೀರ್ಘದ ವಿಷಯ

ಕನ್ನಡ ಟೈಪ್ ಮಾಡುವವರಿಗೆಲ್ಲ ಗೊತ್ತಿರುವ ಕಷ್ಟ ಇದು. ಶಿಫ್ಟ್ ಒತ್ತಲು ಮರೆತರೆ 'ಕೋಡು' ಹೋಗಿ 'ಕೊಡು' ಆಗಿ ಕೂತಿರುತ್ತದೆ. ನಮ್ಮ ಬರಹಕ್ಕಾದರೆ ತಿದ್ದಿಕೊಂಡು ಸುಮ್ಮನಾಗಬಹುದು. ಬೈಬಲಿನಲ್ಲೂ ಇಂಥದ್ದೊಂದು ಇದೆ ಅಂತ ಗೊತ್ತಾದ ದಿನ ಮಾತ್ರ ನನಗೆ ನಿದ್ದೆ ಬರಲಿಲ್ಲ.

ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ ಮೊದಲ ವಾಕ್ಯ. ನಂಬಿಕೆಯ ಮೂಲಕ ದೇವರೊಡನೆ ನಮಗೆ ಸಮಾಧಾನ 'ಇದೆ' ಅನ್ನುತ್ತಾನೋ, ಸಮಾಧಾನದಿಂದ 'ಇರೋಣ' ಅನ್ನುತ್ತಾನೋ? ಗ್ರೀಕಿನಲ್ಲಿ 'ಎಖೊಮೆನ್' ಅಂದರೆ ನಮಗಿದೆ, 'ಎಖೋಮೆನ್' ಅಂದರೆ ನಮಗಿರಲಿ. ಹ್ರಸ್ವ, ದೀರ್ಘ, ಅಷ್ಟೇ ವ್ಯತ್ಯಾಸ. 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳೆರಡರಲ್ಲೂ ಮೊದಲು ಬರೆದದ್ದು ದೀರ್ಘ, ಆಮೇಲೆ ಯಾರೋ ಹ್ರಸ್ವಕ್ಕೆ ತಿದ್ದಿದ್ದಾರೆ. 1881ರ ಇಂಗ್ಲಿಷ್ ಪರಿಷ್ಕೃತ ಅನುವಾದ ದೀರ್ಘವನ್ನು ಹಿಡಿಯಿತು. ಈಗಿನ ಹೆಚ್ಚಿನ ಅನುವಾದಗಳದ್ದು ಹ್ರಸ್ವ. ಪೌಲ ಹೇಳುತ್ತಾ ಹೋದ, ತೆರ್ತ್ಯ ಎಂಬಾತ ಬರೆದುಕೊಂಡ (16ನೇ ಅಧ್ಯಾಯದಲ್ಲಿ ಪಾಪ, ತಾನೂ ಒಂದು ನಮಸ್ಕಾರ ಸೇರಿಸಿದ್ದಾನೆ :) ). ಗ್ರೀಕರ ಬಾಯಲ್ಲಿ ಕ್ರಮೇಣ ಆ ಎರಡು ಸ್ವರಗಳು ಒಂದೇ ಆಗಿಹೋದವು. ಕೇಳಿ ಬರೆಯುವವನಿಗೆ ಯಾವುದೆಂದು ಹೇಗೆ ಗೊತ್ತಾಗಬೇಕು?

ಒಂದಕ್ಷರಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರೇನೋ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಪ್ರಾರ್ಥನೆಗೆಂದು ಬಂದವರೊಬ್ಬರು, "ನಿಮ್ಮ ಮನೇಲಿ ನಂಬಿಕೆ ಸಾಲದು, ಅದಕ್ಕೇ ಹೀಗೆ" ಅಂದುಬಿಟ್ಟರು. ಅಮ್ಮ ಅದನ್ನು ನಂಬಿದಳು. ಉಪವಾಸ ಜಾಸ್ತಿ ಮಾಡಿದಳು. ಅಪ್ಪ ಉಳಿಯಲಿಲ್ಲ. ದೇವರ ಹತ್ತಿರ ತನ್ನದೇನೋ ಬಾಕಿ ಉಳಿದಿದೆ ಅನ್ನುವ ಭಾವ ಅವಳಿಂದ ಇನ್ನೂ ಹೋಗಿಲ್ಲ.

ನಾನು ಹ್ರಸ್ವದ ಕಡೆ. ಹಳೆಯ ಪ್ರತಿಗಳ ತೂಕ ದೀರ್ಘದ ಕಡೆಗೇ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ಹಿಂದೆ ಮುಂದೆ ಓದಿ ನೋಡಿ. 4ನೇ ಅಧ್ಯಾಯದಲ್ಲಿ ಪೌಲ ಅಬ್ರಹಾಮನ ಕಥೆ ಎತ್ತುತ್ತಾನೆ. ದೇವರು ಅವನನ್ನು ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮೊದಲೋ ಆಮೇಲೋ ಅಂತ ಕೇಳುತ್ತಾನೆ. ಮೊದಲೇ! ಆದಿಕಾಂಡದ 15ನೇ ಅಧ್ಯಾಯದಲ್ಲಿ ಅದು ಆಗಿಹೋಗಿದೆ, ಸುನ್ನತಿ ಬರುವುದು 17ರಲ್ಲಿ, ಅವನಿಗೆ 99 ವರ್ಷವಾದಾಗ. ಇನ್ನು 5ರ 10ನೇ ವಾಕ್ಯ ಹೇಳುವುದು, ನಾವು ವೈರಿಗಳಾಗಿದ್ದಾಗಲೇ ಆ ಕಡೆಯಿಂದ ರಾಜಿ ಆಯಿತು ಅಂತ. ನಾವು ಅಳುವ ಮಗುವಿಗೆ 'ಸಮಾಧಾನ ಮಾಡ್ಕೋ' ಅನ್ನುತ್ತೇವಲ್ಲ, ಆ ಸಮಾಧಾನ ಇದಲ್ಲ. ಜಗಳ ಮುಗಿಯಿತು ಅನ್ನುವ ಸುದ್ದಿ ಇದು. ಮುಗಿದ ಜಗಳವನ್ನು ಮತ್ತೆ ಮುಗಿಸುವುದು ಹೇಗೆ?

ಗಲಾತ್ಯದವರದ್ದೂ ಇದೇ ತಾಪತ್ರಯ. ಅವರು ನಂಬಿದರು, ಆಮೇಲೆ ಯಾರೋ ಬಂದು ನಂಬಿದ್ದು ಸಾಲದು, ಸುನ್ನತಿಯೂ ಆಗಬೇಕು ಅಂದರು. ಪೌಲನಿಗೆ ಬಂದ ಸಿಟ್ಟು ಆ ಪತ್ರಿಕೆಯ ತುಂಬ ಇದೆ. 5ನೇ ಅಧ್ಯಾಯ ಶುರುವಾಗುವುದೇ ಕ್ರಿಸ್ತ ಬಿಡುಗಡೆ ಮಾಡಿ ಆಗಿದೆ, ಮತ್ತೆ ನೊಗಕ್ಕೆ ಕೊರಳು ಕೊಡಬೇಡಿ ಅಂತ. ಅಲ್ಲಿ ಆಜ್ಞೆ ಇದೆ, ನಿಜ. ಆದರೆ ಅದು ಇರುವುದನ್ನು ಬಿಡಬೇಡಿ ಅನ್ನುವ ಆಜ್ಞೆ, ಸಂಪಾದಿಸಿ ಅನ್ನುವುದಲ್ಲ. ನಂಬಿಕೆಯನ್ನೇ ತಕ್ಕಡಿಗೆ ಹಾಕಿ ಇಷ್ಟು ಕಡಿಮೆ ಬಿತ್ತು ಅನ್ನುವವರು ಹೊರಿಸುವುದೂ ನೊಗವೇ, ಹೆಸರು ಮಾತ್ರ ಬೇರೆ.

ಕಳೆದ ಭಾನುವಾರ ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಹ್ರಸ್ವ-ದೀರ್ಘದ ಪುರಾಣ ಅವಳಿಗೆ ಹಿಡಿಸಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹತ್ತನೇ ವಾಕ್ಯ ಇನ್ನೊಂದ್ಸಲ ಓದು" ಅಂದಳು.