ಬಂದೂಕಿನ ಆಟವನ್ನು ಬೈಯುವ ಮೊದಲು ಮಗನ ಪಕ್ಕ ಕುಳಿತುಕೊಳ್ಳಿ

ಇಶಾ ನಮಾಝ್ ಮುಗಿಸಿ ಮನೆಗೆ ಬಂದ ತಂದೆಗೆ ಕೋಣೆಯ ಮುಚ್ಚಿದ ಬಾಗಿಲಿನಾಚೆಯಿಂದ ಮಗನ ಕೂಗು ಕೇಳಿಸುತ್ತದೆ. 'ಹಿಂದೆ ಇದ್ದಾನೆ, ಹಿಂದೆ ಇದ್ದಾನೆ', 'ನಾನು ಬಿದ್ದೆ, ಎಬ್ಬಿಸು'. ತಂದೆ ಬಾಗಿಲನ್ನು ಬಡಿಯುತ್ತಾರೆ, ನಾಲ್ಕು ಮಾತು ಬೈಯುತ್ತಾರೆ, ಊಟಕ್ಕೆ ಹೋಗುತ್ತಾರೆ. ಮುಂದಿನ ಜುಮಾದಂದು ಖತೀಬರು ಮೊಬೈಲ್ ಆಟಗಳ ವಿರುದ್ಧ ಎರಡು ಮಾತು ಹೇಳಿದರೆ ಅದೇ ತಂದೆ ತಲೆದೂಗುತ್ತಾರೆ. ಜವಾಬ್ದಾರಿ ಮುಗಿಯಿತೆಂದು ಭಾವಿಸುತ್ತಾರೆ.

ಮುಗಿದಿಲ್ಲ ಎಂಬುದೇ ನಮ್ಮ ತಕರಾರು. ಬಿಜಿಎಂಐ, ಫ್ರೀ ಫೈರ್, ವ್ಯಾಲರಂಟ್ ಮುಂತಾದ ತಂಡದ ಶೂಟಿಂಗ್ ಆಟಗಳು ನಮ್ಮ ಮನೆಗಳನ್ನು ಪ್ರವೇಶಿಸಿ ವರ್ಷಗಳೇ ಕಳೆದಿವೆ. ಅವುಗಳನ್ನು ಹೇಗೆ ಆಡಬೇಕು, ಯಾವಾಗ ನಿಲ್ಲಿಸಬೇಕು, ಯಾರೊಡನೆ ಆಡಬೇಕು ಎಂದು ಹುಡುಗನಿಗೆ ಕಲಿಸುವ ಕೆಲಸವನ್ನು ನಾವು ಯೂಟ್ಯೂಬಿನಲ್ಲಿ ಅರಚುವ ಅಪರಿಚಿತರಿಗೆ ಗುತ್ತಿಗೆ ಕೊಟ್ಟಿದ್ದೇವೆ.

ಆ ಗುರುಗಳ ಪಾಠವನ್ನು ಒಮ್ಮೆ ನೋಡಿ. ಒಬ್ಬನೇ ನಾಲ್ವರ ತಂಡವನ್ನು ಮುಗಿಸುವುದು ಹೇಗೆ, ಒಂದು ಪಂದ್ಯದಲ್ಲಿ ಇಪ್ಪತ್ತು ಜನರನ್ನು ಹೊಡೆಯುವುದು ಹೇಗೆ, ಯಾವ ಬಂದೂಕಿಗೆ ಯಾವ ಬಣ್ಣದ ಹೊದಿಕೆ ಚೆಂದ. ಹೊಸಬನಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನಿಲ್ಲ. ಬಿಜಿಎಂಐಯಲ್ಲಿ ಸುಮಾರು ನೂರು ಮಂದಿ ಒಂದು ವಿಮಾನದಿಂದ ಜಿಗಿಯುತ್ತಾರೆ. ಇಂಥ ಪಾಠ ಕೇಳಿದ ಹುಡುಗ ನೇರವಾಗಿ ನಕ್ಷೆಯ ಮಧ್ಯದ ಪೊಚಿಂಕಿ ಪಟ್ಟಣಕ್ಕೆ ಧುಮುಕುತ್ತಾನೆ. ಎರಡು ನಿಮಿಷದಲ್ಲಿ ಸತ್ತು, ಉಳಿದ ಮೂವರು ಆಡುವುದನ್ನು ನೋಡುತ್ತಾ, ಅವರಿಗೆ ಬೈಯುತ್ತಾ ಕೂರುತ್ತಾನೆ. ತಿಳಿದವನಾದರೆ ಹೇಳುವ ಮಾತೇ ಬೇರೆ: ನಾಲ್ವರೂ ಒಟ್ಟಿಗೆ ಇಳಿಯಿರಿ, ಜನ ಕಡಿಮೆಯಿರುವ ಅಂಚಿನ ಊರಿಗೆ ಇಳಿಯಿರಿ, ಮೊದಲು ಸಾಮಗ್ರಿ ಸಂಗ್ರಹಿಸಿ, ವೃತ್ತ ಕುಗ್ಗುವ ಮುನ್ನವೇ ಒಳಗೆ ಸೇರಿ ಒಂದು ಗೋಡೆಯ ಮರೆ ಹಿಡಿಯಿರಿ.

ನಾವು ಈ ಆಟಗಳನ್ನು ಗಮನವಿಟ್ಟು ನೋಡಿದ್ದೇವೆ. ನೋಡಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಹೊಸಬ ಸೋಲುವುದು ಬೆರಳು ನಿಧಾನವಾದ್ದರಿಂದಲ್ಲ, ತಂಡದ ಶಿಸ್ತು ಗೊತ್ತಿಲ್ಲದ್ದರಿಂದ. ಗೆಳೆಯ ಗುಂಡು ತಗುಲಿ ನೆಲಕ್ಕೆ ಬಿದ್ದು ತೆವಳುತ್ತಿರುವಾಗ ಕಂಗಾಲಾಗಿ ಓಡಿಹೋಗಿ ಎಬ್ಬಿಸಲು ಕುಳಿತರೆ ಇಬ್ಬರೂ ಸಾಯುತ್ತಾರೆ. ಮೊದಲು ಹೊಗೆಬಾಂಬು ಎಸೆದು ಮರೆ ಮಾಡಬೇಕು, ಮೂರನೆಯವನು ಕಾವಲಿಗೆ ನಿಲ್ಲಬೇಕು, ಆಮೇಲೆ ಎಬ್ಬಿಸಬೇಕು. ಶತ್ರು ಕಂಡಾಗ 'ಅಲ್ಲಿದ್ದಾನೆ, ಅಲ್ಲಿದ್ದಾನೆ' ಎಂದು ಕಿರುಚಿದರೆ ಯಾರಿಗೂ ಪ್ರಯೋಜನವಿಲ್ಲ. 'ವಾಯುವ್ಯ, ಎರಡಂತಸ್ತಿನ ಮನೆ, ಮೇಲೆ ಇಬ್ಬರು' ಎಂದರೆ ಮೂವರ ಜೀವ ಉಳಿಯುತ್ತದೆ. ತನ್ನ ಚೀಲದಲ್ಲಿ ಹೆಚ್ಚಾದ ಗುಂಡುಗಳನ್ನು ಕೊರತೆಯಿರುವವನಿಗೆ ಇಳಿಸಿಕೊಡಬೇಕು. ಒಮ್ಮೆ ಇಣುಕಿ ಏಟು ತಿಂದ ಮೂಲೆಯಿಂದಲೇ ಮತ್ತೆ ಇಣುಕಬಾರದು. ವ್ಯಾಲರಂಟ್‌ನಲ್ಲಿ ಐವರಿಗೂ ಪ್ರತಿ ಸುತ್ತಿಗೆ ಆಟದ ಹಣ ಸಿಗುತ್ತದೆ. ನಾಲ್ವರು ಉಳಿತಾಯ ಮಾಡುವಾಗ ಐದನೆಯವನೊಬ್ಬ ದುಬಾರಿ ಬಂದೂಕು ಕೊಂಡರೆ ಆ ಸುತ್ತೂ ಹೋಯಿತು, ಮುಂದಿನದೂ ಹೋಯಿತು. ಕಾಲಸಪ್ಪಳ ಕೇಳುವ ಕಿವಿ, ಗುರಿಯ ಚುಕ್ಕೆಯನ್ನು ಎದುರಾಳಿಯ ತಲೆಯ ಎತ್ತರದಲ್ಲೇ ಇಟ್ಟು ನಡೆಯುವ ಅಭ್ಯಾಸ, ಇವೆಲ್ಲ ಆಮೇಲಿನವು.

ಇದನ್ನೆಲ್ಲ ಮಗನಿಗೆ ಹೇಳಲು ತಂದೆ ಶೂರ ಆಟಗಾರನಾಗಬೇಕಿಲ್ಲ. ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿದರೆ ತಾನೇ ಅರ್ಥವಾಗುತ್ತದೆ. ಆ ಅರ್ಧ ಗಂಟೆಯೇ ನಮ್ಮಲ್ಲಿಲ್ಲ. ಕ್ರಿಕೆಟ್ ಪಂದ್ಯಕ್ಕೆ ಇದೆ ಎಂಬುದು ಬೇರೆ ಮಾತು.

'ಇದು ಹರಾಮೋ ಹಲಾಲೋ ಎಂದು ಮೊದಲು ಹೇಳಿ' ಎಂದು ಕೆಲವರು ಕೇಳಬಹುದು. ಆ ತೀರ್ಪು ವಿದ್ವಾಂಸರಿಗೆ ಸೇರಿದ್ದು. ಇಂಡೋನೇಷ್ಯಾದ ಆಚೆ ಪ್ರಾಂತದ ಉಲಮಾ ಮಂಡಳಿ 2019ರಲ್ಲಿ ಪಬ್‌ಜಿಯನ್ನು ಹರಾಮ್ ಎಂದು ಫತ್ವಾ ನೀಡಿತು. ಅದನ್ನು ಗೌರವಿಸಿ ಮಕ್ಕಳನ್ನು ದೂರವಿಡುವ ಮನೆಯವರೊಡನೆ ನಮಗೆ ಜಗಳವಿಲ್ಲ. ನಮ್ಮ ಜಗಳ ಫತ್ವಾವನ್ನು ವಾಟ್ಸಾಪ್‌ನಲ್ಲಿ ಮುಂದೆ ಕಳುಹಿಸಿ, ಮಗನಿಗೆ ಹೊಸ ಫೋನನ್ನೂ ಕೊಡಿಸುವವರೊಡನೆ. 2020ರಲ್ಲಿ ಪಬ್‌ಜಿ ಮೊಬೈಲಿನಲ್ಲಿ ಕಾಡಿನ ವಿಧಾನವೊಂದು ಬಂದಿತ್ತು. ಅದರಲ್ಲಿ ವಿಗ್ರಹದಂತಹ ಕಂಬದ ಮುಂದೆ ಆಟಗಾರನ ಪಾತ್ರ ಬೇಡಿಕೊಂಡರೆ ಶಕ್ತಿ ದೊರೆಯುತ್ತಿತ್ತು. ಮುಸ್ಲಿಮರಿಂದ ಆಕ್ಷೇಪ ಎದ್ದಾಗ ಕಂಪೆನಿ ಕ್ಷಮೆ ಯಾಚಿಸಿ ಅದನ್ನು ತೆಗೆದುಹಾಕಿತು. ತೌಹೀದ್‌ಗೆ ಸಂಬಂಧಿಸಿದ ಈ ವಿಷಯ ನಡೆದಾಗ ನಮ್ಮ ಊರುಗಳಲ್ಲಿ ಎಷ್ಟು ಮಂದಿ ತಂದೆಯರಿಗೆ ತಿಳಿದಿತ್ತು? ಮುಚ್ಚಿದ ಬಾಗಿಲನ್ನು ಹೊರಗಿನಿಂದ ಬಡಿಯುವವನಿಗೆ ಒಳಗಿನ ವಿಗ್ರಹ ಕಾಣಿಸುವುದಿಲ್ಲ.

ಅಸ್ಲಮ್ ಗೋತ್ರದ ಯುವಕರು ಎರಡು ತಂಡಗಳಾಗಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸುತ್ತಿದ್ದಾಗ ಪ್ರವಾದಿಯವರು(ಸ) ಆ ದಾರಿಯಾಗಿ ಬಂದರೆಂದು ಬುಖಾರಿಯ ವರದಿಯಲ್ಲಿದೆ. ಅವರು ಹುರಿದುಂಬಿಸಿ ಒಂದು ತಂಡದ ಪಕ್ಷ ವಹಿಸಿದರು. ತಾವು ಅವರ ಕಡೆ ಇರುವಾಗ ನಾವು ಹೇಗೆ ಬಾಣ ಬಿಡುವುದೆಂದು ಇನ್ನೊಂದು ತಂಡ ಕೈ ತಡೆದಾಗ, ತಾವು ಎಲ್ಲರ ಜೊತೆಗೂ ಇರುವುದಾಗಿ ಹೇಳಿ ಆಟ ಮುಂದುವರಿಸಲು ತಿಳಿಸಿದರು. ಬಿಲ್ಲುಗಾರಿಕೆಯನ್ನು ಮೊಬೈಲ್ ಆಟಕ್ಕೆ ಸಮನೆನ್ನುವ ಮೂರ್ಖತನಕ್ಕೆ ನಾವು ಇಳಿಯುವುದಿಲ್ಲ. ಹಿರಿಯರೊಬ್ಬರು ನಿಂತು ನೋಡಿದರು, ಯುವಕರ ಮನಸ್ಸನ್ನು ಅರಿತರು ಎಂಬುದನ್ನಷ್ಟೇ ಕಾಣುತ್ತೇವೆ.

ನಿಂತು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಈ ಆಟಕ್ಕೆ ಅರ್ಧದಲ್ಲಿ ವಿರಾಮವಿಲ್ಲ. ಕೊನೆಯವರೆಗೆ ಉಳಿದರೆ ಒಂದು ಪಂದ್ಯ ಅರ್ಧ ಗಂಟೆಯಷ್ಟಾಗುತ್ತದೆ. ನಡುವೆ ಫೋನು ಕಸಿದರೆ ಮೂವರು ಗೆಳೆಯರಿಗೆ ಕೈಕೊಟ್ಟಂತೆ ಎಂದು ಹುಡುಗ ಸಿಟ್ಟಾಗುತ್ತಾನೆ. ಆ ಸಿಟ್ಟನ್ನು ಕಂಡು ನಾವು 'ವ್ಯಸನ' ಎನ್ನುತ್ತೇವೆ. ಮಗ್ರಿಬ್ ಬಾಂಗ್‌ಗೆ ಮುಕ್ಕಾಲು ಗಂಟೆಯೊಳಗೆ ಹೊಸ ಪಂದ್ಯ ಆರಂಭಿಸುವಂತಿಲ್ಲ ಎಂಬ ಒಂದೇ ನಿಯಮ ಮನೆಯಲ್ಲಿದ್ದರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಅಪರಿಚಿತರ ಹೊಲಸು ಬೈಗುಳ ಕಿವಿಗೆ ಬಿದ್ದರೆ ಅವರ ಧ್ವನಿ ಮುಚ್ಚುವ ಗುಂಡಿಯಿದೆ. ನಮ್ಮ ಹುಡುಗರೇ ಬೈಯುತ್ತಿದ್ದರೆ ಆ ಗುಂಡಿ ಬೇರೆಯವರ ಕೈಯಲ್ಲಿರುತ್ತದೆ, ಅದು ಇನ್ನೂ ನಾಚಿಕೆಗೇಡು.

ಹೊಸಬನ ಮೊದಲ ಪಂದ್ಯಗಳ ಎದುರಾಳಿಗಳಲ್ಲಿ ಹೆಚ್ಚಿನವರು ಮನುಷ್ಯರೇ ಅಲ್ಲ, ಕಂಪ್ಯೂಟರ್ ನಡೆಸುವ ಗೊಂಬೆಗಳು. ಹುಡುಗರು 'ಬಾಟ್' ಎನ್ನುತ್ತಾರೆ. ಸುಲಭವಾಗಿ ಗೆದ್ದ ಬಾಲಕ ತಾನು ಹುಟ್ಟು ಆಟಗಾರನೆಂದು ನಂಬಿ, ರಿಯಾದ್‌ನಲ್ಲಿ 2024ರಲ್ಲಿ ಆರಂಭವಾದ ಇ-ಸ್ಪೋರ್ಟ್ಸ್ ವಿಶ್ವಕಪ್ಪಿನ ಕನಸು ಕಾಣುತ್ತಾ ಪಿಯುಸಿ ಪುಸ್ತಕ ಮಡಚಿಡುತ್ತಾನೆ. ನೀನು ಕೊಂದವರಲ್ಲಿ ಹೆಚ್ಚಿನವು ಗೊಂಬೆಗಳು ಕಣಪ್ಪಾ ಎಂದು ಹೇಳುವವರು ಮನೆಯಲ್ಲಿಲ್ಲ.

ಸರಕಾರ ನೋಡಿಕೊಳ್ಳುತ್ತದೆ ಎನ್ನುವವರಿಗೂ ಒಂದು ಮಾತು. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರಲ್ಲಿ ಮಾಯವಾಯಿತು, 2023ರಲ್ಲಿ ಮರಳಿತು. ನಿಷೇಧ ಬಂದು ಹೋಗುತ್ತದೆ, ಹುಡುಗ ಮನೆಯಲ್ಲೇ ಇರುತ್ತಾನೆ. 2021ರಲ್ಲಿ ಕಂಪೆನಿ ಪ್ರಕಟಿಸಿದ ನಿಯಮದಂತೆ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ, ಜೊತೆಗೆ ದಿನಕ್ಕೆ 7,000 ರೂಪಾಯಿಯ ಖರ್ಚಿನ ಮಿತಿ. ಬಂದೂಕಿನ ಬಣ್ಣಕ್ಕೂ ಅಂಗಿಗೂ ಮಗು ದಿನಕ್ಕೆ ಏಳು ಸಾವಿರ ಸುರಿಯುವುದನ್ನು ಮಿತಿ ಎಂದು ಕರೆದವರಿಂದ ನಾವು ಮಕ್ಕಳ ರಕ್ಷಣೆ ನಿರೀಕ್ಷಿಸುತ್ತಿದ್ದೇವೆ! ಬಣ್ಣ ಬದಲಾದ ಬಂದೂಕಿನಿಂದ ಗುಂಡು ಹೆಚ್ಚು ದೂರ ಹೋಗುವುದಿಲ್ಲ ಎಂಬುದಾದರೂ ಹೊಸಬನಿಗೆ ಮೊದಲ ದಿನವೇ ಗೊತ್ತಿರಲಿ.

ಅಪ್ರಾಪ್ತ ವಯಸ್ಕರು ಆಡಲು ಹೆತ್ತವರ ಫೋನ್ ಸಂಖ್ಯೆಯನ್ನೂ ಆ ನಿಯಮ ಕೇಳುತ್ತದೆ. ನಮ್ಮ ಕರಾವಳಿಯ ಎಷ್ಟೋ ತಂದೆಯರು ದಮ್ಮಾಮ್‌ನಲ್ಲೋ ದುಬೈಯಲ್ಲೋ ದುಡಿಯುತ್ತಿದ್ದಾರೆ. ಮಗ ಕರೆ ಮಾಡಿ 'ಅಬ್ಬಾ, ಒಂದು ಒಟಿಪಿ ಬಂದಿದೆ, ಹೇಳಿ' ಎನ್ನುತ್ತಾನೆ. ತಂದೆ ಕೆಲಸದ ನಡುವೆಯೇ ಅಂಕಿಗಳನ್ನು ಓದಿ ಹೇಳುತ್ತಾರೆ. ಅಂಕಿಗಳನ್ನು ಓದುವ ಮೊದಲು 'ಯಾವ ಆಟ, ಯಾರ ಜೊತೆ?' ಎಂದು ಕೇಳಿದರೆ ಕರೆಯ ದರವೇನೂ ಹೆಚ್ಚಾಗುವುದಿಲ್ಲ.