ಕಾಕಾನ ಆಕ್ಷೇಪಕ್ಕೊಂದು ಪ್ಯಾರಾ

ಜಿಆರ್‌ಇ ಪರೀಕ್ಷೆಯ ಬರವಣಿಗೆ ವಿಭಾಗದಲ್ಲಿ 2023ರ ಸೆಪ್ಟೆಂಬರ್‌ನಿಂದ ಉಳಿದಿರುವುದು ಒಂದೇ ಪ್ರಬಂಧ, ಅದಕ್ಕೆ 30 ನಿಮಿಷ. ಒಂದು ಹೇಳಿಕೆ ಕೊಟ್ಟು, ಅದನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ, ಯಾಕೆ ಎಂದು ಕೇಳುತ್ತಾರೆ. ಅಮೆರಿಕದಲ್ಲಿ ಎಂ.ಎಸ್. ಓದಬೇಕೆನ್ನುವ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಮಕ್ಕಳಿಗೆ ನಾನು ಇದನ್ನು ಕಲಿಸುತ್ತೇನೆ. ಗಣಿತಕ್ಕೆ ಅವರಿಗೆ ಯಾರ ಹಂಗೂ ಬೇಡ. ಎಡವುವುದು ಇಲ್ಲಿ. ಅದಕ್ಕೆ ಇಂಗ್ಲಿಷನ್ನು ದೂರುವುದನ್ನು ನಾನು ಒಪ್ಪುವುದಿಲ್ಲ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ: ಹೈಸ್ಕೂಲಿನ ಈ ಚೌಕಟ್ಟು ಅವರ ಕೈಗೆ ಅಂಟಿಕೊಂಡಿದೆ. ನಡುವೆ ಅನುಕೂಲ, ಅನಾನುಕೂಲ. ಕೊನೆಗೆ ಎರಡೂ ಕಡೆಗೆ ತಲೆಯಾಡಿಸುವ ಒಂದು ಸಾಲು. ಮಾಹಿತಿ ಒದಗಿಸಲು ಇಷ್ಟು ಸಾಕು, ಒಬ್ಬರನ್ನು ಒಪ್ಪಿಸಲು ಸಾಲದು.

ಉನ್ನತ ಶಿಕ್ಷಣ ಉಚಿತವಾಗಬೇಕೇ ಎಂಬ ವಿಷಯ ಕೊಟ್ಟಾಗ ಒಬ್ಬ ಹುಡುಗಿ ‘ಶಿಕ್ಷಣ ದೇಶದ ಬೆನ್ನೆಲುಬು’ ಎಂದು ಶುರುಮಾಡಿದ್ದಳು.

“ಉಚಿತ ಇರಬೇಕನ್ನೋದನ್ನ ಯಾರು ಒಪ್ಪಂಗಿಲ್ಲವಾ?” ಅಂದೆ.

“ನಮ್ಮ ಕಾಕಾ ರೀ ಸರ್. ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿರಂಗಿಲ್ಲ ಅಂತಾರ.”

“ಅವರಿಗೆ ಏನ್ ಹೇಳ್ತಿ?”

“ನಮ್ಮಕ್ಕ ಸರ್ಕಾರಿ ಹಾಸ್ಟೆಲಿನ್ಯಾಗ ಇದ್ದು ಬಿ.ಎಸ್ಸಿ. ಮುಗಿಸಿದ್ಲರಿ. ಒಂದ್ ಕ್ಲಾಸೂ ತಪ್ಪಿಸಿಲ್ಲ.”

ಅಕ್ಕನ ಮಾತು ಸರಿ, ಆದರೆ ಫೀ ಕಟ್ಟಬಲ್ಲ ಮನೆಯವರಿಗೂ ಪುಕ್ಕಟೆ ಯಾಕೆ ಎಂದು ಕಾಕಾ ಮತ್ತೆ ಕೇಳಬಹುದಲ್ಲ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ನಿಲುವನ್ನೇ ತಿದ್ದಿದಳು: ಎಲ್ಲರಿಗೂ ಅಲ್ಲ, ಕಟ್ಟಲಾರದವರಿಗೆ ಉಚಿತ. ಅದೇ ಮೊದಲ ಪ್ಯಾರಾ ಆಯಿತು. ಅದರ ಹಿಂದೆ ಅಕ್ಕನ ಉದಾಹರಣೆಯೊಂದಿಗೆ ಕಾರಣಗಳು, ಆಮೇಲೆ ಕಾಕಾನ ಆಕ್ಷೇಪ, ಅವರೇ ಹೇಳಿದಷ್ಟು ಗಟ್ಟಿಯಾಗಿ, ಕೊನೆಗೆ ಉತ್ತರ.

ಹಾಗಾಗಿ ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟಬೇಡಿ ಎನ್ನುತ್ತೇನೆ. ಒಪ್ಪದವರು ಯಾರು, ಅವರ ಅತ್ಯಂತ ಬಲವಾದ ಮಾತು ಯಾವುದು, ಅದನ್ನು ಮೊದಲು ಗೀಚಿಕೊಳ್ಳಿ. ಕೊನೆಯ ಮೂರು ನಿಮಿಷ ಓದಿ ತಿದ್ದಲು ಇರಲಿ. ಆ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯವಿಲ್ಲ.

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಪ್ರಬಂಧದ ವಿಷಯಗಳನ್ನೆಲ್ಲ ಮೊದಲೇ ಪ್ರಕಟಿಸಿಬಿಟ್ಟಿದೆ. ಅದನ್ನೇ ಹಿಡಿದು ಸಿದ್ಧ ಪ್ರಬಂಧ ಹಂಚಿ ಬಾಯಿಪಾಠ ಮಾಡಿಸುವ ಕೋಚಿಂಗ್ ಕೇಂದ್ರಗಳಿವೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ. ಅದೇ ಪಟ್ಟಿಯಿಂದ ಒಂದು ವಿಷಯ ಆರಿಸಿ, ಭಿನ್ನಾಭಿಪ್ರಾಯವಿರುವ ಇಬ್ಬರನ್ನು ಎದುರುಬದುರು ಕೂರಿಸಿ ಹತ್ತು ನಿಮಿಷ ವಾದಿಸಲು ಬಿಡಿ, ಆಮೇಲೆ ಬರೆಸಿ.