ಕಪಿಲೆ ಈಜಿದವರು ಕಡಲನ್ನೂ ಬಲ್ಲರೇ?

ರಜೆ ಹತ್ತಿರ ಬಂತೆಂದರೆ ಸಾಕು, ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದೇ ಮಾತು. ‘ಈ ಸಲ ಎತ್ಲಾಗ್ ಹೋಗನ?’ ಮೊನ್ನೆಯೂ ಅದೇ ನಡೆದಿತ್ತು. ನಮ್ಮ ಬೀದಿಯ ಯಜಮಾನರೊಬ್ಬರು ಬೆರಳು ಮಡಿಸಿ ಮಡಿಸಿ ಎಣಿಸುತ್ತಿದ್ದರು. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರ. ಮೂರು ದಿವಸ, ಎರಡು ರಾತ್ರಿ, ಒಂದು ಟೆಂಪೋ, ಹದಿನೆಂಟು ಜನ. ಜೊತೆಗೆ ಗ್ಯಾಸ್ ಒಲೆ, ಅಕ್ಕಿ ಮೂಟೆ, ಪುಳಿಯೋಗರೆ ಗೊಜ್ಜು.

‘ಸಮುದ್ರಕ್ಕೆ ಎಷ್ಟು ಹೊತ್ತು ಇಟ್ಟಿದ್ದೀರಿ ಯಜಮಾನ್ರೆ?’ ಎಂದೆ.

‘ಅದೇನು ದಾರೀಲೇ ಸಿಕ್ತದಲ್ಲ ಸಾ. ಸಾಯಂಕಾಲ ಒಂದರ್ಧ ಗಂಟೆ ಇಳ್ದು ಹತ್ತುದ್ರಾಯ್ತು. ಹೈಕಳು ಆಟ ಆಡ್ಕತವೆ.’

ಓದುಗ ಮಹಾಶಯರೇ, ಇವತ್ತಿನ ಮಾತೆಲ್ಲ ಈ ‘ಅರ್ಧ ಗಂಟೆ’ಯದು.

ದೇವರ ದರ್ಶನ ಬೇಡವೆಂದು ಹೇಳುವವನು ನಾನಲ್ಲ. ನಂಜುಂಡೇಶ್ವರನ ಸೀಮೆಯಲ್ಲಿ ಹುಟ್ಟಿ ಅಂಥ ಮಾತು ಆಡಿದರೆ ಮನೆಯಲ್ಲಿ ಮುದ್ದೆ ಸಿಕ್ಕೀತೇ? ಆದರೆ ಲೆಕ್ಕ ಹಾಕಿ ನೋಡಿ. ಮೂರು ದಿನದಲ್ಲಿ ಆರು ಕ್ಷೇತ್ರ ಎಂದರೆ ಹಗಲೆಲ್ಲ ಗಾಡಿ, ಇಲ್ಲವೆ ಸರತಿ ಸಾಲು. ಘಾಟಿಯ ತಿರುವಿನಲ್ಲಿ ಹೆಂಗಸರು, ಮಕ್ಕಳು ವಾಂತಿ ಮಾಡಿಕೊಂಡು ಸುಸ್ತು. ಕಡಲ ದಡ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗುತ್ತಿರುತ್ತಾನೆ. ಬಾಗಿಲು ತೆಗೆದದ್ದೇ ತಡ, ಮೂರು ದಿನ ಕೂಡಿಹಾಕಿದ್ದ ಮಕ್ಕಳು ಕಟ್ಟು ಬಿಚ್ಚಿದ ಕರುಗಳಂತೆ ನೀರಿಗೆ ಓಡುತ್ತವೆ. ದೊಡ್ಡವರು ಮರಳ ಮೇಲೆ ಚಾಪೆ ಹಾಸಿ ಚುರುಮುರಿ ಕಟ್ಟು ಬಿಚ್ಚುತ್ತಾರೆ. ಕತ್ತಲು ಕವಿಯುತ್ತಿದೆ, ಯಾರು ಎಲ್ಲಿದ್ದಾರೆ ಗೊತ್ತಿಲ್ಲ. ಡ್ರೈವರು ಬೇರೆ ಹಾರನ್ ಹೊಡೆಯುತ್ತಿದ್ದಾನೆ. ಇದನ್ನು ಪ್ರವಾಸ ಎನ್ನೋಣವೇ?

ಎರಡು ಸುದ್ದಿ

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಏನಾಯಿತೆಂಬುದನ್ನು ಇಷ್ಟು ಬೇಗ ಮರೆತೆವೇ? ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು ಪ್ರವಾಸ ಬಂದಿದ್ದರು. ಸಂಜೆ ಹೊತ್ತು ನೀರಿಗಿಳಿದರು. ನಾಲ್ವರು ವಿದ್ಯಾರ್ಥಿನಿಯರು ತಿರುಗಿ ಬರಲಿಲ್ಲ. ಆಮೇಲೆ ಪರಿಹಾರ ಬಂತು, ಅಮಾನತು ಆಯಿತು, ಕೆಲವು ಕಾಲ ಕಡಲ ತೀರಕ್ಕೆ ಪ್ರವೇಶವೂ ಬಂದ್ ಆಯಿತು. ಹೋದ ಮಕ್ಕಳು ಬಂದವೇ?

ಅದಕ್ಕೂ ಸುಮಾರು ಮೂರು ವಾರ ಮೊದಲು, ನವೆಂಬರ್ 17ರಂದು, ಉಳ್ಳಾಲದ ಹತ್ತಿರದ ಉಚ್ಚಿಲದಲ್ಲಿ ನಮ್ಮ ಮೈಸೂರಿನ ಮೂವರು ಯುವತಿಯರು ತೀರಿಹೋದರು. ಅದು ಕಡಲೂ ಅಲ್ಲ, ರೆಸಾರ್ಟಿನ ಈಜುಕೊಳ. ಒಬ್ಬಳು ಆಳಕ್ಕೆ ಜಾರಿದಳು, ಉಳಿದವರು ಅವಳನ್ನು ಹಿಡಿಯಲು ಹೋದರು. ಮೂವರೂ ಹೋದರು.

ಎರಡು ಸುದ್ದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಏಳು ಜನರೂ ಹೆಣ್ಣುಮಕ್ಕಳು. ಏಳು ಜನರೂ ಬಯಲುಸೀಮೆಯವರು. ಇದು ಆಕಸ್ಮಿಕ ಎಂದು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಊರಿನಲ್ಲೇ ನೋಡಿ. ಗಂಡು ಹುಡುಗರು ಎಂಟು ವರ್ಷಕ್ಕೇ ನಾಲೆಗೆ ಧುಮುಕುತ್ತಾರೆ, ಕಪಿಲೆಯಲ್ಲಿ ದಡದಿಂದ ದಡಕ್ಕೆ ಈಜುತ್ತಾರೆ. ನಮ್ಮ ಕಾಲದಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪಂದಿರೇ ತಳ್ಳುತ್ತಿದ್ದರು. ಹೆಣ್ಣುಮಕ್ಕಳನ್ನು? ‘ನೀನ್ಯಾಕವ್ವ ನೀರ್ಗೆ’ ಎಂದು ಬಟ್ಟೆ ಒಗೆಯುವ ಕಲ್ಲಿನಿಂದ ಆಚೆ ಬಿಟ್ಟವರುಂಟೇ? ಅದೇ ಮಗಳನ್ನು ಹದಿನೈದು ವರ್ಷಕ್ಕೆ ಕಡಲ ಮುಂದೆ ನಿಲ್ಲಿಸಿ ‘ಹೋಗು, ಆಟ ಆಡು’ ಎನ್ನುತ್ತೇವೆ.

ನೀರೆಲ್ಲ ಒಂದೇ ಅಲ್ಲ

ಹಾಗಾದರೆ ಈಜು ಬಲ್ಲ ಗಂಡು ಹುಡುಗರಿಗೆ ಭಯವಿಲ್ಲವೇ? ಅವರ ಕಥೆಯನ್ನೂ ಹೇಳುತ್ತೇನೆ, ನನ್ನ ಮನೆಯದೇ.

ಕೆಲವು ವರ್ಷದ ಹಿಂದೆ ನಾವೂ ಹೀಗೇ ಟೆಂಪೋ ತುಂಬಿಕೊಂಡು ಹೋಗಿದ್ದೆವು. ಯಾವ ಊರಿನ ತೀರ ಎಂಬುದು ಬೇಡ, ತಪ್ಪು ಊರಿನದಲ್ಲ, ನಮ್ಮದು. ನನ್ನ ಅಣ್ಣನ ಮಗ, ಕಪಿಲೆ ತುಂಬಿ ಹರಿಯುವಾಗ ಈಜಿದ ಭೂಪ. ‘ಚಿಕ್ಕಪ್ಪ, ಇಲ್ಲಿ ಮಂಡಿಯುದ್ದ ನೀರೂ ಇಲ್ಲ’ ಎಂದು ನಗುತ್ತ ಹೋದ. ಅಲೆ ಬಂದು ಹೋಯಿತು, ಕಾಲಡಿಯ ಮರಳೂ ಜೊತೆಗೇ ಹೋಯಿತು. ಇನ್ನೊಂದು ಅಲೆಗೆ ಬಿದ್ದ. ಮೂರನೆಯದಕ್ಕೆ ಕಾಣಲಿಲ್ಲ. ಬಲೆ ಒಣಹಾಕುತ್ತಿದ್ದ ಮೊಗವೀರರೊಬ್ಬರು ಓಡಿ ಹೋಗಿ ಅಂಗಿ ಹಿಡಿದು ಎಳೆದು ತಂದು ಮರಳ ಮೇಲೆ ಹಾಕಿದರು. ಬೈಯಲಿಲ್ಲ. ‘ಇದು ಹೊಳೆ ಅಲ್ಲ ಮಾರಾಯ್ರೆ, ಕಡಲು’ ಎಂದರು ಅಷ್ಟೆ. ಕಾಫಿಗೆಂದು ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ. ಆ ರಾತ್ರಿ ನಮ್ಮ ಅತ್ತಿಗೆ ಊಟ ಮಾಡಲಿಲ್ಲ. ಇವತ್ತಿಗೂ ಸಮುದ್ರ ಎಂದರೆ ಎದ್ದು ಒಳಗೆ ಹೋಗುತ್ತಾರೆ.

ಆಮೇಲೆ ನಾನು ಕೇಳಿ, ಓದಿ ತಿಳಿದದ್ದು ಇಷ್ಟು. ಹೊಳೆ ಒಂದೇ ಕಡೆ ಹರಿಯುತ್ತದೆ. ಅದರ ಮಡು ಎಲ್ಲಿ, ಸುಳಿ ಎಲ್ಲಿ ಎಂದು ಊರಿನವರಿಗೆ ಗೊತ್ತು. ಕಡಲು ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಬೇಕಲ್ಲ, ಅದು ಒಂದು ಇಕ್ಕಟ್ಟಾದ ಜಾಗ ಹಿಡಿದು ರಭಸವಾಗಿ ಒಳಕ್ಕೆ ಹರಿಯುತ್ತದೆ. ಮೋಸ ಏನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಶಾಂತವಾಗಿ, ಕೊಂಚ ಕಪ್ಪಗೆ ಕಾಣುತ್ತದೆ. ನಮ್ಮಂಥವರು ‘ಇಲ್ಲಿ ಅಲೆ ಇಲ್ಲ, ಇಲ್ಲೇ ಇಳೀರಿ’ ಎಂದು ಮಕ್ಕಳನ್ನು ಅಲ್ಲಿಗೇ ಇಳಿಸುತ್ತೇವೆ!

ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಲು ಹೋದರೆ ತೋಳು ಸೋತು ಮುಳುಗುತ್ತಾರೆ. ಗಾಬರಿಯಾಗದೆ ತೇಲುತ್ತ, ಕೈ ಎತ್ತಿ ಕೂಗುತ್ತ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ನೋಡುತ್ತಿರುವವರು ಬರಿಗೈಯಲ್ಲಿ ಹಿಂದೆ ಧುಮುಕಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು, ಸೀರೆಯಾದರೂ ಸರಿ, ತೇಲುವುದನ್ನೋ ಹಿಡಿಯುವುದನ್ನೋ ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಫೋನ್ ಮಾಡಬೇಕು. ಉಚ್ಚಿಲದ ಕೊಳ ಕಲಿಸಿದ ಪಾಠವೂ ಇದೇ.

ಹಾಗಾದರೆ ಹೋಗುವುದೇ ಬೇಡವೇ?

ಹೋಗಲೇಬೇಕು! ನಮ್ಮ ಕಪಿಲೆಯನ್ನೇ ನೋಡಿ. ಪಡುವಣ ಕಡಲಿಗೆ ಹತ್ತಿರದ ವಯನಾಡಿನಲ್ಲಿ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಎಲ್ಲೋ ದೂರದ ಬಂಗಾಳ ಕೊಲ್ಲಿ ಮುಟ್ಟುತ್ತಾಳೆ. ಅವಳ ದಡದ ಮಕ್ಕಳು ಒಂದು ಸಲವಾದರೂ ಪಡುವಣ ಕಡಲು ನೋಡಬೇಡವೇ? ಆದರೆ ನೋಡುವ ಕ್ರಮ ಬದಲಾಗಲಿ.

ಮೊದಲನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಗೊಡವೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಕಡಲಲ್ಲೇ ಬೆಳೆದವರು ದಡ ಹತ್ತಿ ಕೂತಿರುವಾಗ ನಮಗೇನು ಅವಸರ? ದೀಪಾವಳಿ ಕಳೆದ ಮೇಲೆ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಇಳಿತ ಎರಡೂ ಜಾಸ್ತಿ. ನಮ್ಮವರು ಸಮುದ್ರಸ್ನಾನಕ್ಕೆ ಹುಡುಕಿಕೊಂಡು ಹೋಗುವುದೂ ಅದೇ ದಿನ, ಎಚ್ಚರ.

ಎರಡನೆಯದು ಜಾಗ. ಆರು ಊರು ಬೇಡ, ಒಂದು ಊರು ಹಿಡಿಯಿರಿ, ಎರಡು ರಾತ್ರಿ ನಿಲ್ಲಿ. ಉಡುಪಿ ಹಿಡಿದರೆ ಕೃಷ್ಣನ ದರ್ಶನವೂ ಆಯಿತು, ಮಲ್ಪೆ, ಕಾಪು ದೀಪಸ್ತಂಭ, ಪಡುಬಿದ್ರಿ ಎಲ್ಲ ಹತ್ತಿರ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಮರವಂತೆಯೂ ದೂರವಿಲ್ಲ. ಹೊನ್ನಾವರ ಹಿಡಿದರೆ ಶರಾವತಿಯ ಹಿನ್ನೀರಿನಲ್ಲಿ ದೋಣಿ, ಕಾಂಡ್ಲಾ ಕಾಡಿನೊಳಗೆ ಹಲಗೆ ದಾರಿಯ ನಡಿಗೆ. ಅಲ್ಲಿಂದ ಉತ್ತರಕ್ಕೆ ಮಿರ್ಜಾನ್ ಕೋಟೆ, ಗೋಕರ್ಣ. ಹಾಗೇ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ದಿನಾ ತಿನ್ನುವ ಉಪ್ಪು ಕಡಲ ನೀರಿನಿಂದ ಹೇಗೆ ಬರುತ್ತದೆಂದು ಕಣ್ಣಾರೆ ನೋಡಿದ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ನೀರಿನ ಶುದ್ಧಿ, ಸುರಕ್ಷತೆ ನೋಡಿ ಕೊಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಮಕ್ಕಳನ್ನು ನೀರಿಗೆ ಬಿಡುವುದಾದರೆ ಜೀವರಕ್ಷಕರು ಇರುವಂಥ ತೀರದಲ್ಲೇ ಬಿಡಿ. ಕೆಂಪು ಬಾವುಟ ಹಾರುತ್ತಿದ್ದರೆ ಅಂಗಾಲು ಕೂಡ ನೆನೆಯಬೇಡ.

ಮೂರನೆಯದು ಹೊತ್ತು. ಸಂಜೆ ದಣಿದು ಇಳಿಯುವುದಲ್ಲ. ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಬೆಳಕಿನಲ್ಲಿ ಹೋಗಿ. ಈಜು ಬಾರದವರಿಗೆ ಮಂಡಿಯೇ ಗಡಿ. ದೊಡ್ಡವರು ಮಕ್ಕಳಿಗಿಂತ ಕಡಲ ಕಡೆ ನಿಲ್ಲಬೇಕು, ದಡದ ಕಡೆಯಲ್ಲ. ಬಂಡೆ ಮೇಲೆ ಹತ್ತಿ ಸೆಲ್ಫಿ ಬೇಡ, ಪಾಚಿ ಯಾರ ಮಾತೂ ಕೇಳುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆಯಲ್ಲಂತೂ ಇಳಿಯಲೇಬೇಡಿ.

ಖರ್ಚಿನ ಮಾತೇ? 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹುಲ್ಲಹಳ್ಳಿಯಿಂದ ನಂಜನಗೂಡು, ಮೈಸೂರು, ಮಡಿಕೇರಿ ಮೇಲೆ ಮಂಗಳೂರು. ಅವ್ವ, ಅತ್ತಿಗೆ, ಮಗಳು ಎಲ್ಲರದೂ ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಉಳಿದ ದುಡ್ಡಿನಲ್ಲಿ ಒಂದು ರಾತ್ರಿ ಹೆಚ್ಚು ತಂಗಬಹುದು. ರೈಲಿನಲ್ಲಿ ಹೋಗುವವರು ಹಗಲು ಗಾಡಿ ಸಿಕ್ಕರೆ ಬಿಡಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಐವತ್ತೇಳು ಸುರಂಗ ಎಣಿಸುವುದೇ ಮಕ್ಕಳಿಗೆ ಹಬ್ಬ. ನಿಜ ಹೇಳಬೇಕೆಂದರೆ ಹುಲ್ಲಹಳ್ಳಿಗೆ ಮಂಗಳೂರಿಗಿಂತ ಕೋಯಿಕ್ಕೋಡಿನ ಕಡಲೇ ಹತ್ತಿರ. ಆದರೆ ಆ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಗೇಟು ಮುಚ್ಚುತ್ತದೆ ಎಂಬುದನ್ನು ಮರೆತು ಹೊರಟರೆ ಸೊಳ್ಳೆ ಹೊಡೆಯುತ್ತ ಕೂರಬೇಕು.

ಕೊನೆಗೆ ಒಂದು ಕೇಳಿಕೆ

ಇಷ್ಟೆಲ್ಲ ನಾವು ಮನೆಮಂದಿ ಮಾಡಿಕೊಳ್ಳಬಹುದು. ಮಾಡಲಾಗದ್ದು ಒಂದಿದೆ. ನಮ್ಮ ನಂಜನಗೂಡು, ತಿ. ನರಸೀಪುರ ಎರಡು ತಾಲ್ಲೂಕಿಗೂ ಹೊಳೆಗಳುಂಟು, ನಾಲೆಗಳುಂಟು. ತಲಕಾಡಿನ ಮಡುವಿಗೆ ಎಷ್ಟು ಜೀವ ಹೋಗಿದೆಯೆಂದು ಯಾರಿಗೆ ತಿಳಿಯದು? ಆದರೂ ಹೆಣ್ಣುಮಕ್ಕಳಿಗೆ ಈಜು ಕಲಿಸುವ ಯೋಚನೆ ನಮ್ಮ ಶಾಲೆಗಳಲ್ಲಿ ಎಲ್ಲಿದೆ? ಕಬಡ್ಡಿ, ಖೋಖೋ ಕಲಿಸುವ ಮೇಷ್ಟ್ರುಗಳಿದ್ದಾರೆ. ಬೇಸಿಗೆಯಲ್ಲಿ ಹದಿನೈದು ದಿನ ಈಜು ಬಲ್ಲ ಊರಿನ ನಾಲ್ಕು ಜನರನ್ನು, ನಾಲ್ಕು ತಾಯಂದಿರನ್ನು ಕಾವಲಿಗಿಟ್ಟು, ಟ್ಯೂಬು ಹಗ್ಗ ಸಮೇತ ತಿಳಿನೀರಿನಲ್ಲಿ ಕಲಿಸಿದರೆ ಯಾರ ಗಂಟು ಹೋಗುತ್ತದೆ? ಶಿಕ್ಷಣ ಇಲಾಖೆಯವರು, ಪಂಚಾಯಿತಿಯವರು ಮನಸ್ಸು ಮಾಡಲಿ. ಅಲ್ಲಿಯವರೆಗೆ ಕಡಲಿಗೆ ಹೋಗುವ ಶಾಲಾ ಪ್ರವಾಸಕ್ಕೆ ಸಹಿ ಹಾಕುವ ಮುಂಚೆ ತಂದೆತಾಯಿ ಒಂದು ಮಾತು ಕೇಳಲಿ: ‘ನೀರಿನ ಹತ್ರ ಎಷ್ಟೊತ್ತಿಗೆ ಹೋಗ್ತೀರಿ ಮೇಷ್ಟ್ರೇ, ಯಾರು ನೋಡ್ಕತಾರೆ?’ ಉತ್ತರ ಸಿಗದಿದ್ದರೆ ಸಹಿಯೂ ಬೇಡ.

ಟೀ ಅಂಗಡಿಯ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಡಿಸಿದ ಬೆರಳುಗಳಲ್ಲಿ ನಾಲ್ಕನ್ನು ಬಿಚ್ಚಿದರು. ‘ಉಡುಪಿ, ಕೊಲ್ಲೂರು ಎರಡೇ ಸಾಕು ಬುಡಿ ಸಾ. ಸಮುದ್ರಕ್ಕೆ ಬೆಳಗಾನ ಹೋಯ್ತೀವಿ. ಮೊಮ್ಮಗಳ ಕೈ ನಾನೇ ಹಿಡ್ಕತೀನಿ’ ಎಂದರು.

ಅಷ್ಟಾದರೆ ಸಾಕು. ಹದಿನೆಂಟು ಜನ ಹೋಗಿ ಹದಿನೆಂಟು ಜನ ವಾಪಸು ಬರಬೇಕು. ಪ್ರವಾಸದ ಲೆಕ್ಕ ಕೊನೆಗೆ ಅದೊಂದೇ.